ಅರಸನ ಬೇಟೆಕಾಡು, ಪರದೇಶಿಯ ಬಯಲು

ಕನ್ನಡದ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದಿಂದ ಬಂದವನು ಎಂಬುದು ಒಂದು ಅರ್ಥವಾದರೆ, ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಬಳಕೆಯಲ್ಲಿ ಇನ್ನೂ ಗಟ್ಟಿಯಾಗಿ ನಿಂತಿರುವ ಅರ್ಥ; ಓದಿಗೋ ಉದ್ಯೋಗಕ್ಕೋ ದೂರದ ನಗರವೊಂದಕ್ಕೆ ಹೋಗಿ ನೆಲೆಸಿದವರ ಮೊದಲ ತಿಂಗಳುಗಳನ್ನು ಗಮನಿಸಿದರೆ, ಈ ಎರಡು ಅರ್ಥಗಳು ಒಂದೇ ಮಾತಿನೊಳಗೆ ಕೂಡಿಕೊಂಡದ್ದು ಆಕಸ್ಮಿಕವಲ್ಲ ಎನಿಸುತ್ತದೆ. ಹೊಸ ಊರಿನಲ್ಲಿ ಅವರು ಕಾಲಿಡುವ ಪ್ರತಿಯೊಂದು ಜಾಗವೂ ಏನಾದರೊಂದನ್ನು ಕೇಳುತ್ತದೆ: ಕಚೇರಿಯಲ್ಲಿ ಗುರುತಿನ ಚೀಟಿ ಬೇಕು, ಮನೆ ಬಾಡಿಗೆಗೆ ಸಂಬಳದ ದಾಖಲೆ ಬೇಕು, ಹೋಟೆಲಿನಲ್ಲಿ ಕೂರಬೇಕಾದರೆ ಕೊನೆಯ ಪಕ್ಷ ಒಂದು ಕಾಫಿಯ ಹಣ ಬೇಕು. ಏನನ್ನೂ ಕೇಳದೆ ಒಳಗೆ ಬಿಟ್ಟುಕೊಳ್ಳುವ, ಎಷ್ಟು ಹೊತ್ತು ಕೂತರೂ ಏಕೆ ಕೂತಿದ್ದೀರಿ ಎನ್ನದ ಜಾಗವೆಂದರೆ ಸಾರ್ವಜನಿಕ ಉದ್ಯಾನ. ಲಂಡನ್ನಿನ ಹೈಡ್ ಪಾರ್ಕ್ ಅಂಥ ಉದ್ಯಾನಗಳಲ್ಲಿ ಬಹು ಹಳೆಯದು. ಅದರ ಬಾಗಿಲು ಈಗಿರುವಂತೆ ತೆರೆದುಕೊಳ್ಳಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು, ಅಷ್ಟು ವರ್ಷಗಳಲ್ಲಿ ಅದನ್ನು ತಳ್ಳಿ ತೆರೆದವರ ಪೈಕಿ ಪರದೇಶಿಗಳೂ ಇದ್ದರು ಎಂಬುದನ್ನು ತಿಳಿದು ನಡೆದರೆ, ಆ ಬಯಲಿನ ನಡಿಗೆಗೆ ಬೇರೆಯೇ ಒಂದು ತೂಕ ಬರುತ್ತದೆ.

ಅಂಗಡಿಗಳಿಂದ ಕಿಕ್ಕಿರಿದ ಆಕ್ಸ್‌ಫರ್ಡ್ ಸ್ಟ್ರೀಟ್ ಎಲ್ಲಿ ಮುಗಿಯುವುದೋ ಅಲ್ಲಿ, ಮಾರ್ಬಲ್ ಆರ್ಚ್ ಎಂಬ ಬಿಳಿಯ ಕಮಾನಿನ ಬಳಿ ಹೈಡ್ ಪಾರ್ಕ್ ಆರಂಭವಾಗುತ್ತದೆ. ಅದರ ವಿಸ್ತಾರ ಸುಮಾರು 350 ಎಕರೆ. ಲಾಲ್‌ಬಾಗಿನ 240 ಎಕರೆಯನ್ನು ಕಾಲಿನಲ್ಲಿ ಅಳೆದು ಬಲ್ಲವರಿಗೆ ಈ ಅಂಕಿಯ ಅಂದಾಜು ಸುಲಭವಾಗಿ ಸಿಗುತ್ತದೆ. ಪಶ್ಚಿಮಕ್ಕೆ ಕೆನ್ಸಿಂಗ್ಟನ್ ಗಾರ್ಡನ್ಸ್ ಎಂಬ ಇನ್ನೊಂದು ಉದ್ಯಾನ ಅದಕ್ಕೆ ಅಂಟಿಕೊಂಡಂತಿದ್ದು, ಒಂದು ಮುಗಿದು ಇನ್ನೊಂದು ಶುರುವಾದದ್ದು ಹೊಸಬರಿಗೆ ತಿಳಿಯುವುದೂ ಇಲ್ಲ. ಬೆಳಗಿನ ಜಾವ 5 ಗಂಟೆಯಿಂದ ನಡುರಾತ್ರಿಯವರೆಗೆ ಹೈಡ್ ಪಾರ್ಕ್ ತೆರೆದಿರುತ್ತದೆ ಮತ್ತು ಒಳಹೋಗಲು ಶುಲ್ಕವಿಲ್ಲ. ಬೆಂಚುಗಳು ಎಲ್ಲರವು, ಆದರೆ ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಸಾಲಾಗಿ ಇಟ್ಟಿರುವ ಪಟ್ಟೆಬಟ್ಟೆಯ ಮಡಿಸುವ ಕುರ್ಚಿಗಳು ಮಾತ್ರ ಬಾಡಿಗೆಯವು.

ಇದನ್ನು ‘ರಾಯಲ್ ಪಾರ್ಕ್’ ಎಂದು ಕರೆಯುತ್ತಾರೆ. ಲಂಡನ್ನಿನಲ್ಲಿ ಇಂಥವು ಎಂಟಿದ್ದು, ಅವುಗಳ ಆಡಳಿತವನ್ನು 2017ರಿಂದ ಒಂದು ದತ್ತಿಸಂಸ್ಥೆ ನಡೆಸುತ್ತಿದೆಯಾದರೂ ನೆಲದ ಒಡೆತನ ಇಂದಿಗೂ ‘ಕ್ರೌನ್’ ಎಂದರೆ ರಾಜಪೀಠದ್ದು. ಕಾನೂನಿನ ಕಟ್ಟುನಿಟ್ಟಿನಲ್ಲಿ ಹೇಳುವುದಾದರೆ, ಇಲ್ಲಿಗೆ ಬರುವುದು ಸಾರ್ವಜನಿಕರ ಹಕ್ಕಲ್ಲ, ರಾಜಪೀಠದ ಕೃಪೆಯಿಂದ ದೊರೆತ ಅನುಮತಿ. ಈ ಸಂಗತಿಯನ್ನು ಪರದೇಶಿಯ ಕಣ್ಣಿನಿಂದ ನೋಡಿದಾಗ ಅದರೊಳಗಿನ ಒಂದು ಸೊಗಸು ಕಾಣುತ್ತದೆ: ವೀಸಾದ ಅನುಮತಿಯ ಮೇಲೆ ಲಂಡನ್ನಿನಲ್ಲಿರುವ ಕನ್ನಡದ ವಿದ್ಯಾರ್ಥಿನಿಯೂ, ಹತ್ತು ತಲೆಮಾರಿನಿಂದ ಅದೇ ಊರಿನಲ್ಲಿ ಬೇರುಬಿಟ್ಟ ಮನೆತನದವರೂ ಈ ಹುಲ್ಲಿನ ಮೇಲೆ ಕೂತಾಗ ಇಬ್ಬರೂ ಅನುಮತಿಯ ಮೇಲೆಯೇ ಕೂತಿರುತ್ತಾರೆ. ಒಬ್ಬರದು ಮನೆ, ಇನ್ನೊಬ್ಬರದು ಬಿಡಾರ ಎಂಬ ಭೇದ ಆ ಗೇಟಿನ ಆಚೆಗೆ ಉಳಿಯುತ್ತದೆ.

ಮೊದಲಿಗೆ ಇದು ವೆಸ್ಟ್‌ಮಿನ್‌ಸ್ಟರ್ ಮಠದ ಜಮೀನಾಗಿತ್ತು. 1536ರಲ್ಲಿ ಎಂಟನೆಯ ಹೆನ್ರಿ ಇದನ್ನು ಮಠದವರಿಂದ ತೆಗೆದುಕೊಂಡು, ಬೇಲಿ ಹಾಕಿಸಿ, ಜಿಂಕೆಗಳನ್ನು ಬಿಟ್ಟು ಬೇಟೆಯ ಕಾಡಾಗಿ ಮಾಡಿಕೊಂಡನು. ಒಂದನೆಯ ಜೇಮ್ಸನ ಕಾಲದಲ್ಲಿ ಕೆಲವು ಕುಲೀನರಿಗೆ ಒಳಬರಲು ಅವಕಾಶ ದೊರೆಯಿತು; 1637ರಲ್ಲಿ ಒಂದನೆಯ ಚಾರ್ಲ್ಸ್ ಅದನ್ನು ಜನಸಾಮಾನ್ಯರಿಗೂ ತೆರೆದನು. ಮುಂದೆ ನಡೆದದ್ದು ಯೋಚನೆಗೆ ಹಚ್ಚುವಂಥದ್ದು. ಅಂತರ್ಯುದ್ಧದಲ್ಲಿ ಸೋತ ಆ ಅರಸನ ತಲೆ ಉರುಳಿ, ಇಂಗ್ಲೆಂಡ್ ಕೆಲಕಾಲ ಗಣರಾಜ್ಯವಾದಾಗ, ಪ್ರಜೆಗಳ ಹೆಸರಿನಲ್ಲಿ ಆಳುತ್ತಿದ್ದ ಪಾರ್ಲಿಮೆಂಟು 1652ರಲ್ಲಿ ಈ ನೆಲವನ್ನು ತುಂಡು ಮಾಡಿ ಖಾಸಗಿಯವರಿಗೆ ಮಾರಿತು. ಕೊಂಡವರು ಗೇಟಿನಲ್ಲಿ ಹಣ ವಸೂಲಿಗೆ ನಿಂತರು. ಸಾರೋಟಿಗೆ ಒಂದು ಶಿಲಿಂಗ್, ಕುದುರೆಗೆ ಆರು ಪೆನ್ಸ್ ತೆರಬೇಕಾಯಿತೆಂದು ಆ ಕಾಲದ ದಿನಚರಿಕಾರ ಜಾನ್ ಎವೆಲಿನ್ ಅಸಮಾಧಾನದಿಂದ ದಾಖಲಿಸಿದ್ದಾರೆ. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಎರಡನೆಯ ಚಾರ್ಲ್ಸ್ ಅದನ್ನು ಹಿಂದಕ್ಕೆ ಪಡೆದು ಪುನಃ ತೆರೆಸಿದನು. ಆಳುವವರ ಹೆಸರು ಬದಲಾದ ಮಾತ್ರಕ್ಕೆ ಬಯಲು ಜನರದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 1665ರ ಮಹಾಪ್ಲೇಗಿನಲ್ಲಿ ನಗರದ ಇಕ್ಕಟ್ಟಿನ ಓಣಿಗಳಿಂದ ಓಡಿಬಂದ ಜನ ಇದೇ ಬಯಲಿನಲ್ಲಿ ಬಿಡಾರ ಹೂಡಿದರು. ಊರಿನವರೇ ತಮ್ಮ ಊರಿನಲ್ಲಿ ಪರದೇಶಿಗಳಾದ ಆ ಹೊತ್ತಿನಲ್ಲಿ ಬಯಲು ಅವರಿಗೆ ಒದಗಿಬಂತು.

ಇಂದು ಹೈಡ್ ಪಾರ್ಕ್ ಎಂದೊಡನೆ ಕಣ್ಣಿಗೆ ಬರುವುದು ಸರ್ಪೆಂಟೈನ್ ಎಂಬ ಬಳುಕಿನ ಜಲಾಶಯ. ಹೆಸರಿನಲ್ಲೇ ಹಾವಿನ ನಡೆಯಿದೆ. ಇದು ತಾನಾಗಿ ಆದ ಸರೋವರವಲ್ಲ, ಕನ್ನಡನಾಡಿನ ಓದುಗರಿಗೆ ಚೆನ್ನಾಗಿ ಪರಿಚಯವಿರುವ ಕ್ರಮದಲ್ಲಿ ಕಟ್ಟಿದ ಕೆರೆ: ವೆಸ್ಟ್‌ಬೋರ್ನ್ ಎಂಬ ಹಳ್ಳ ಈ ನೆಲದ ನಡುವೆ ಹರಿಯುತ್ತಿತ್ತು, 1730ರಲ್ಲಿ ಎರಡನೆಯ ಜಾರ್ಜ್ ದೊರೆಯ ರಾಣಿ ಕ್ಯಾರೋಲಿನ್ ಪೂರ್ವದ ತುದಿಯಲ್ಲಿ ಅದಕ್ಕೆ ಅಡ್ಡಲಾಗಿ ಏರಿ ಹಾಕಿಸಿದಳು, ದಾರಿಯುದ್ದಕ್ಕೂ ಇದ್ದ ಸಣ್ಣ ಹೊಂಡಗಳೆಲ್ಲ ಸೇರಿ ಒಂದೇ ನೀರಾಯಿತು. ಅದುವರೆಗೆ ಇಂಗ್ಲಿಷ್ ತೋಟಗಳಲ್ಲಿ ನೀರನ್ನು ನೇರ ಗೆರೆಯ ಕಾಲುವೆಯಾಗಿಯೋ ಚೌಕದ ಕೊಳವಾಗಿಯೋ ನಿಲ್ಲಿಸುವುದು ರೂಢಿಯಾಗಿದ್ದು, ನೆಲದ ಇಳಿಜಾರು ಹೇಳಿದಂತೆ ದಡ ಬಾಗಲಿ ಎಂದು ಬಿಟ್ಟ ಮೊದಲ ಜಲಾಶಯಗಳಲ್ಲಿ ಇದೂ ಒಂದು. ಕಾಲಾನಂತರ ನಗರ ಬೆಳೆದು ಹಳ್ಳದ ನೀರು ಕೊಳೆತು, ಅದನ್ನು ನೆಲದಡಿಯ ಚರಂಡಿಗೆ ತಿರುಗಿಸಬೇಕಾಯಿತು. ಈಗಿನ ನೀರು ಕೊಳವೆಬಾವಿಯದು. ಕೆರೆ ಉಳಿದು ಹಳ್ಳ ಕಣ್ಮರೆಯಾದ ಈ ಕಥೆಯನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆರೆಯ ದಕ್ಷಿಣಕ್ಕೆ ‘ರಾಟನ್ ರೋ’ ಎಂಬ ಕುದುರೆಹಾದಿ ಇದೆ. ಅರಸನ ಹಾದಿ ಎಂಬರ್ಥದ ಫ್ರೆಂಚ್ ಮಾತು ಇಂಗ್ಲಿಷ್ ನಾಲಗೆಯಲ್ಲಿ ಸವೆದು ‘ಕೊಳೆತ ಸಾಲು’ ಆಯಿತೆಂಬುದು ಆ ವಿಚಿತ್ರ ಹೆಸರಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಕೆನ್ಸಿಂಗ್ಟನ್ ಅರಮನೆಗೆ ಹೋಗಿಬರುವಾಗ ಕಳ್ಳರ ಭಯವಿದ್ದುದರಿಂದ ಮೂರನೆಯ ವಿಲಿಯಂ ದೊರೆ 17ನೇ ಶತಮಾನದ ಕೊನೆಯಲ್ಲಿ ಇದರುದ್ದಕ್ಕೂ 300 ಎಣ್ಣೆದೀಪಗಳನ್ನು ಹಾಕಿಸಿದನು. ಬ್ರಿಟನ್ನಿನಲ್ಲಿ ರಾತ್ರಿ ದೀಪ ಉರಿದ ಮೊದಲ ರಸ್ತೆ ಇದೆಂದು ಹೇಳುತ್ತಾರೆ.

ರಾಟನ್ ರೋಗೆ ತಾಗಿದ ಹುಲ್ಲುಬಯಲಿನಲ್ಲಿ ಕನ್ನಡಿಗರು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಅಲ್ಲಿ ಈಗ ನೋಡಲು ಏನೂ ಇಲ್ಲ. 1851ರಲ್ಲಿ ಅಲ್ಲಿ ಗಾಜು ಮತ್ತು ಕಬ್ಬಿಣದ ಒಂದು ಭವನ ನಿಂತಿತ್ತು. ಆ ವರ್ಷದ ಮೇ 1ರಿಂದ ಅಕ್ಟೋಬರ್ 15ರವರೆಗೆ ನಡೆದು ‘ಗ್ರೇಟ್ ಎಕ್ಸಿಬಿಷನ್’ ಎಂದು ಹೆಸರಾದ ಜಾಗತಿಕ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಅದನ್ನು ಜನ ‘ಕ್ರಿಸ್ಟಲ್ ಪ್ಯಾಲೇಸ್’ ಎಂದರೆ ಸ್ಫಟಿಕದ ಅರಮನೆ ಎಂದು ಕರೆದರು. ಅದನ್ನು ಕಲ್ಪಿಸಿದವರು ವಾಸ್ತುಶಿಲ್ಪದ ಶಿಕ್ಷಣ ಪಡೆದವರಲ್ಲ, ಚಾಟ್ಸ್‌ವರ್ತ್ ಎಂಬ ಜಮೀನ್ದಾರಿ ಎಸ್ಟೇಟಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್. ಉಷ್ಣವಲಯದ ಗಿಡಗಳನ್ನು ಚಳಿಯಿಂದ ಕಾಪಾಡಲು ಗಾಜಿನ ಮನೆಗಳನ್ನು ಕಟ್ಟಿ ಪಳಗಿದ್ದ ಅವರಿಗೆ, ದಕ್ಷಿಣ ಅಮೆರಿಕದ ದೈತ್ಯ ನೈದಿಲೆ ಎಲೆಯ ಅಡಿಭಾಗದ ನರಗಳು ಅಷ್ಟಗಲದ ಎಲೆಯನ್ನು ಹೊತ್ತು ನಿಲ್ಲಿಸುವ ಬಗೆಯಲ್ಲಿ ಹಗುರವಾದ ಚಾವಣಿಯ ಸೂತ್ರ ಕಂಡಿತ್ತು. ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಎರಕ ಹೊಯ್ದ ಕಂಬಗಳನ್ನೂ ತೊಲೆಗಳನ್ನೂ ತಂದು ಜೋಡಿಸಿದ್ದರಿಂದ 1,800 ಅಡಿಗೂ ಮೀರಿದ ಉದ್ದದ ಕಟ್ಟಡ ಒಂದು ವರ್ಷದೊಳಗೆ ಎದ್ದು ನಿಂತಿತು.

ಅಷ್ಟಾದರೂ ಅದರ ಅತ್ಯಂತ ಸುಂದರವಾದ ಭಾಗ ಎದ್ದದ್ದು ಜನರ ಆಕ್ಷೇಪಣೆಯಿಂದ. ಉದ್ಯಾನದ ಎಲ್ಮ್ ಮರಗಳನ್ನು ಪ್ರದರ್ಶನಕ್ಕಾಗಿ ಕಡಿಯುತ್ತಾರೆಂಬ ಸುದ್ದಿ ಹಬ್ಬಿದಾಗ ಪತ್ರಿಕೆಗಳಲ್ಲಿಯೂ ಪಾರ್ಲಿಮೆಂಟಿನಲ್ಲಿಯೂ ಗದ್ದಲವೆದ್ದಿತು. ಕೊನೆಗೆ ಪ್ಯಾಕ್ಸ್‌ಟನ್ ಮರಗಳನ್ನು ನಿಂತಲ್ಲೇ ಉಳಿಸಿ, ಅವುಗಳ ನೆತ್ತಿ ಒಳಗೇ ಅಡಗುವಂತೆ ನಡುಭಾಗದ ಚಾವಣಿಯನ್ನು ಎತ್ತರದ ಕಮಾನಾಗಿ ಬಾಗಿಸಿದರು. ಮರ ಉಳಿಸಿರೆಂಬ ಹಟದಿಂದ ಕಟ್ಟಡ ಕೆಡಲಿಲ್ಲ, ಅದಕ್ಕೊಂದು ಮುಖ ಬಂತು. ಮೊದಲ ದಿನಗಳಲ್ಲಿ ದುಬಾರಿಯಾಗಿದ್ದ ಪ್ರವೇಶದರವನ್ನು ವಾರದ ಹಲವು ದಿನ ಒಂದು ಶಿಲಿಂಗಿಗೆ ಇಳಿಸಿದ್ದರಿಂದ ಹಳ್ಳಿಗಾಡಿನ ಕೂಲಿಕಾರರೂ ರೈಲು ಹತ್ತಿ ಬಂದರು, ಒಟ್ಟು ಪ್ರವೇಶಗಳ ಲೆಕ್ಕ 60 ಲಕ್ಷ ದಾಟಿತು. ಭಾರತದ ವಿಭಾಗದ ವೈಭವವನ್ನು ಜನ ಬೆರಗಿನಿಂದ ನೋಡಿದರು. ಎರಡು ವರ್ಷಗಳ ಹಿಂದಷ್ಟೇ ಪಂಜಾಬನ್ನು ವಶಪಡಿಸಿಕೊಂಡಾಗ ಬಾಲಕ ದೊರೆ ದುಲೀಪ್ ಸಿಂಗನಿಂದ ಪಡೆದುಕೊಂಡ ಕೊಹಿನೂರು ಕೂಡ ಅಲ್ಲಿ ಪಂಜರದೊಳಗಿತ್ತು. ಹಾಗಾಗಿ ಆ ಹುಲ್ಲಿನ ಮೇಲೆ ನಿಂತ ಭಾರತೀಯರಿಗೆ ಮೆಚ್ಚುಗೆಯೊಂದೇ ಹುಟ್ಟುವುದು ಸಾಧ್ಯವಿಲ್ಲ.

ಪ್ರದರ್ಶನ ಮುಗಿದ ಮೇಲೆ ಭವನವನ್ನು ಬಿಚ್ಚಿ ಲಂಡನ್ನಿನ ದಕ್ಷಿಣದ ಸಿಡನ್‌ಹ್ಯಾಮ್ ಎಂಬಲ್ಲಿ ಇನ್ನೂ ದೊಡ್ಡದಾಗಿ ಕಟ್ಟಲಾಯಿತು. 1936ರ ನವೆಂಬರ್ 30ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಅದೇ ನವೆಂಬರ್ 30ರಂದು, ಆದರೆ 47 ವರ್ಷಗಳ ಮೊದಲು, 1889ರಲ್ಲಿ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತ್ತು. ಕಲ್ಲಿಟ್ಟ ರಾಜಕುಮಾರ ಆಲ್ಬರ್ಟ್ ವಿಕ್ಟರ್, 1851ರ ಪ್ರದರ್ಶನಕ್ಕೆ ಬೆನ್ನೆಲುಬಾಗಿದ್ದ ರಾಜಕುಮಾರ ಆಲ್ಬರ್ಟರ ಮೊಮ್ಮಗ. ಕಟ್ಟಿಸಿದವರು ಆಗಿನ ಅಧೀಕ್ಷಕ ಜಾನ್ ಕ್ಯಾಮೆರಾನ್. ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಹೈಡ್ ಪಾರ್ಕಿನಲ್ಲಿ ಮೂಲವಿಲ್ಲ, ಸಿಡನ್‌ಹ್ಯಾಮಿನಲ್ಲಿ ಬೂದಿಯಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿನಲ್ಲಿ ಸರತಿ ನಿಂತವರು ಅದರ ಕಿರಿಯ ಸಂತತಿಯೊಂದರ ಕೆಳಗೆ ಇಂದಿಗೂ ಓಡಾಡುತ್ತಾರೆ.

ಉದ್ಯಾನದ ಈಶಾನ್ಯ ಮೂಲೆಗೆ ಬಂದರೆ ಕಥೆಯ ಬಣ್ಣ ಬದಲಾಗುತ್ತದೆ. ಅದರ ಸಮೀಪದಲ್ಲೇ ಟೈಬರ್ನ್ ಎಂಬ ಗಲ್ಲುಸ್ಥಾನವಿದ್ದು, 1783ರವರೆಗೂ ಜನಜಂಗುಳಿಯ ಎದುರು ಅಪರಾಧಿಗಳನ್ನು ನೇಣಿಗೇರಿಸಲಾಗುತ್ತಿತ್ತು. ಸಾಯುವ ಮುನ್ನ ಅವರಿಗೆ ಮಾತನಾಡಲು ಅವಕಾಶವಿತ್ತು. ಆ ಕೊನೆಯ ಮಾತುಗಳೇ ಮುಂದೆ ಅಲ್ಲಿ ಬೆಳೆದ ಭಾಷಣದ ಸಂಪ್ರದಾಯಕ್ಕೆ ಮೂಲವೆಂದು ಕೆಲವರು ಹೇಳುವುದುಂಟು. ಆದರೆ ಆ ಮೂಲೆಯನ್ನು ನಿಜವಾಗಿ ಗೆದ್ದುಕೊಟ್ಟವರು 19ನೇ ಶತಮಾನದ ದುಡಿಯುವ ಜನ. 1855ರ ಜೂನಿನಲ್ಲಿ, ಭಾನುವಾರದ ವ್ಯಾಪಾರವನ್ನು ನಿಷೇಧಿಸುವ ಮಸೂದೆಯನ್ನು ವಿರೋಧಿಸಿ ಅವರು ಹೈಡ್ ಪಾರ್ಕಿನಲ್ಲಿ ಸೇರಿದರು. ಕೂಲಿಯವರಿಗೆ ಸಂಬಳ ಸಿಗುತ್ತಿದ್ದುದೇ ಶನಿವಾರ ಸಂಜೆ, ಸಾಮಾನು ಕೊಳ್ಳಲು ಉಳಿಯುತ್ತಿದ್ದುದು ಭಾನುವಾರ ಮಾತ್ರ; ಅಂಗಡಿ ಮುಚ್ಚಿಸಹೊರಟ ಸಿರಿವಂತರೋ ಅದೇ ಭಾನುವಾರ ಸಾರೋಟು ಏರಿ ಉದ್ಯಾನದಲ್ಲಿ ವಿಹರಿಸುತ್ತಿದ್ದರು. ಜನ ಹಾದಿಯ ಎರಡೂ ಬದಿಗೆ ನಿಂತು, ನೀವು ಮೊದಲು ಚರ್ಚಿಗೆ ಹೋಗಿ ಎಂದು ಅವರನ್ನು ಕೂಗಿ ಹಂಗಿಸಿದರು. ಆ ಗುಂಪಿನಲ್ಲಿ ಆರು ವರ್ಷಗಳ ಹಿಂದೆ ಲಂಡನ್ನಿಗೆ ಬಂದು ಸೇರಿದ್ದ ದೇಶಭ್ರಷ್ಟ ಜರ್ಮನ್ ಪತ್ರಕರ್ತರೊಬ್ಬರಿದ್ದರು; ಅವರು ಕಾರ್ಲ್ ಮಾರ್ಕ್ಸ್. ಇಂಗ್ಲಿಷ್ ಕ್ರಾಂತಿ ಅಲ್ಲಿಯೇ ಆರಂಭವಾಯಿತೆಂಬ ಉತ್ಸಾಹದಲ್ಲಿ ಅವರು ಜರ್ಮನ್ ಪತ್ರಿಕೆಗೆ ವರದಿ ಬರೆದರು. ಕ್ರಾಂತಿಯೇನೂ ಆಗಲಿಲ್ಲ, ಮಸೂದೆ ಮಾತ್ರ ಹಿಂದಕ್ಕೆ ಹೋಯಿತು.

ಹನ್ನೊಂದು ವರ್ಷಗಳ ನಂತರ ಪ್ರಶ್ನೆ ಇನ್ನಷ್ಟು ನೇರವಾಯಿತು. ಮತದಾನದ ಹಕ್ಕನ್ನು ಕಾರ್ಮಿಕರಿಗೂ ವಿಸ್ತರಿಸಬೇಕೆಂದು ಕೇಳುತ್ತಿದ್ದ ‘ರಿಫಾರ್ಮ್ ಲೀಗ್’ ಎಂಬ ಸಂಘಟನೆ 1866ರ ಜುಲೈ 23ರಂದು ಇಲ್ಲಿ ಸಭೆ ಕರೆದಾಗ, ಸರ್ಕಾರ ಗೇಟುಗಳನ್ನು ಮುಚ್ಚಿ ಪೊಲೀಸರನ್ನು ನಿಲ್ಲಿಸಿತು. ಹೊರಗೆ ಒತ್ತೊತ್ತಾಗಿ ನಿಂತ ಜನರ ಭಾರಕ್ಕೆ ಕಬ್ಬಿಣದ ಬೇಲಿ ಅಲುಗಿತು. ಅದು ಅಲುಗುತ್ತದೆಂದು ತಿಳಿದ ಮೇಲೆ ಜನ ಕೈಹಚ್ಚಿ ಅದನ್ನು ಕಿತ್ತೇಬಿಟ್ಟರು. ಮರುವರ್ಷದ ಮೇ ತಿಂಗಳಲ್ಲಿ ನಿಷೇಧವನ್ನು ಮೀರಿ ನಡೆದ ಸಭೆಯನ್ನು ತಡೆಯಲಾರದೆ ಗೃಹಮಂತ್ರಿ ಸ್ಪೆನ್ಸರ್ ವಾಲ್ಪೋಲ್ ಆ ಹುದ್ದೆಯನ್ನು ತೊರೆದರು, ಅದೇ 1867ರಲ್ಲಿ ನಗರದ ಬಹುಪಾಲು ಕಾರ್ಮಿಕ ಗಂಡಸರಿಗೆ ಮತ ನೀಡುವ ಕಾಯ್ದೆ ಬಂತು. 1872ರ ಉದ್ಯಾನ ನಿಯಂತ್ರಣ ಕಾಯ್ದೆ ಇಲ್ಲಿ ಸಭೆಗಳಿಗೆ ಅನುಮತಿ ಕೊಡುವ ಅಧಿಕಾರವನ್ನು ಉದ್ಯಾನದ ಆಡಳಿತಕ್ಕೇ ವಹಿಸಿತು. ಅಲ್ಲಿಂದಾಚೆಗೆ ಈ ಮೂಲೆ ‘ಸ್ಪೀಕರ್ಸ್ ಕಾರ್ನರ್’ ಎಂದರೆ ಮಾತುಗಾರರ ಮೂಲೆ ಎಂದು ಲೋಕಪ್ರಸಿದ್ಧವಾಯಿತು. 1866ರ ಆ ಗಲಭೆಯಲ್ಲಿ ಸುಟ್ಟುಹೋದ ಮರವೊಂದರ ನೆನಪಿಗೆ ನೆಲದಲ್ಲಿ ಹರಳುಗಲ್ಲಿನ ಚಿತ್ತಾರವೊಂದನ್ನು ಕೂರಿಸಿದ್ದಾರೆ. ಕಾಲಕೆಳಗೆ ನೋಡದವರಿಗೆ ಅದು ತಪ್ಪಿಹೋಗುತ್ತದೆ.

1908ರ ಜೂನ್ 21ರಂದು ಮತದ ಹಕ್ಕಿಗಾಗಿ ಮಹಿಳೆಯರು ಏಳು ಮೆರವಣಿಗೆಗಳಲ್ಲಿ ಬಂದು 20 ವೇದಿಕೆಗಳಿಂದ ಮಾತನಾಡಿದಾಗ, ಲಕ್ಷಗಟ್ಟಲೆ ಜನ ಇದೇ ಹುಲ್ಲಿನ ಮೇಲೆ ನೆರೆದಿದ್ದರು. ಜಮೈಕಾದಲ್ಲಿ ಹುಟ್ಟಿ, ಕರಿಯರ ಸ್ವಾಭಿಮಾನದ ಚಳವಳಿಯನ್ನು ಅಮೆರಿಕದಲ್ಲಿ ಕಟ್ಟಿ, ಅಲ್ಲಿಂದ ಗಡೀಪಾರಾಗಿ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಕಳೆದ ಮಾರ್ಕಸ್ ಗಾರ್ವೀ ಭಾಷಣ ಮಾಡುತ್ತಿದ್ದುದೂ ಇಲ್ಲಿಯೇ. ಇಂದಿಗೂ ಭಾನುವಾರಗಳಲ್ಲಿ ಯಾರಾದರೂ ಒಂದು ಸಣ್ಣ ಏಣಿಯನ್ನೋ ಪೆಟ್ಟಿಗೆಯನ್ನೋ ಏರಿ ನಿಂತು ಧರ್ಮ, ರಾಜಕಾರಣ, ಲೋಕದ ಅಂತ್ಯ ಮುಂತಾಗಿ ಬೇಕಾದ ವಿಷಯದ ಬಗ್ಗೆ ಮಾತು ತೆಗೆಯುತ್ತಾರೆ, ಕೇಳುವವರು ನಡುವೆಯೇ ಬಾಯಿಹಾಕಿ ವಾದಕ್ಕೆ ನಿಲ್ಲುತ್ತಾರೆ. ಇಲ್ಲಿ ಏನು ಹೇಳಿದರೂ ಕಾನೂನು ಮುಟ್ಟುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ದೇಶದ ಉಳಿದೆಡೆಯ ಕಾನೂನೇ ಇಲ್ಲಿಯೂ ನಡೆಯುತ್ತದೆ. ಆದರೆ 1999ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಟೀಫನ್ ಸೆಡ್ಲಿ ಈ ಮೂಲೆಯನ್ನು ನೆನೆಯುತ್ತ, ಕೇಳುವವರಿಗೆ ಕಿರಿಕಿರಿಯಾಗುವ ಮಾತಿಗೂ, ಹಿಂಸೆಗೆ ಪ್ರಚೋದಿಸದಿರುವವರೆಗೆ, ರಕ್ಷಣೆಯಿದೆ ಎಂದು ವಿವರಿಸಿದರು. ಹೊರನಾಡಿನಲ್ಲಿ ಉಚ್ಚಾರಣೆಯ ಅಳುಕಿನಿಂದ ಸಭೆಗಳಲ್ಲಿ ಬಾಯಿ ಬಿಗಿದು ಕೂರುವವರು ಒಂದು ಭಾನುವಾರ ಇಲ್ಲಿಗೆ ಬಂದು, ಹತ್ತು ದೇಶಗಳ ಇಂಗ್ಲಿಷು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ಕೇಳಬೇಕು.

ಲಂಡನ್ನಿನಲ್ಲಿ ನೆಲೆಸಿದವರಿಗೆ ಈ ಉದ್ಯಾನ ಕಲಿಸುವ ಇನ್ನೊಂದು ವಿದ್ಯೆ ಋತುಗಳದು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆಯವರೆಗೆ ಹಿಗ್ಗಿದರೆ, ಡಿಸೆಂಬರಿನದು ಎಂಟು ಗಂಟೆಗಿಂತ ಕಡಿಮೆಯಾಗಿ ಮಧ್ಯಾಹ್ನದ ನಾಲ್ಕಕ್ಕೇ ಸಂಜೆ ಕವಿಯುತ್ತದೆ. ಮೊದಲ ಚಳಿಗಾಲದಲ್ಲಿ ಅನೇಕರನ್ನು ಆವರಿಸುವ ಮಂಕಿಗೆ ಈ ಬೆಳಕಿನ ಕೊರತೆಯೂ ಒಂದು ಕಾರಣ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಬಯಲಿನಲ್ಲಿ ನಡೆಯುವುದು ಅಲ್ಲಿ ಬರಿಯ ಹವ್ಯಾಸವಲ್ಲ, ಆರೋಗ್ಯದ ಅಗತ್ಯ. ಆ ಹೊತ್ತಿನಲ್ಲಿ ಎಲೆ ಕಳಚಿ ನಿಂತ ಪ್ಲೇನ್ ಮರಗಳ ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ ತಿಳಿಹಳದಿ ಮೈ ಕಾಣುತ್ತಿರುತ್ತದೆ. ಹೊಗೆ ತುಂಬಿದ ನಗರದಲ್ಲಿಯೂ ಇವು ಬಾಳಿಕೊಂಡು ಬಂದದ್ದಕ್ಕೆ ಮಸಿ ಹಿಡಿದ ತೊಗಟೆಯನ್ನು ಹೀಗೆ ಕಳಚಿಕೊಳ್ಳುವ ಗುಣವನ್ನೂ ಕಾರಣವಾಗಿ ಹೇಳುತ್ತಾರೆ. ಬೋಳು ಕೊಂಬೆಗಳ ನಡುವೆ ಒಮ್ಮೊಮ್ಮೆ ಹಸಿರು ಗಿಣಿಗಳ ಹಿಂಡು ಕಿರುಚುತ್ತ ಹಾರುತ್ತದೆ. ಇವು ನಮ್ಮ ಹೊಲತೋಟಗಳ ಕೊರಳಪಟ್ಟಿಯ ಗಿಣಿಗಳೇ. ಸಾಕಿದವರ ಕೈತಪ್ಪಿಸಿಕೊಂಡ ಹಕ್ಕಿಗಳು 20ನೇ ಶತಮಾನದ ಉತ್ತರಾರ್ಧದಿಂದ ಲಂಡನ್ ಸುತ್ತಮುತ್ತ ಮರಿಮಾಡಿ ಹೆಚ್ಚಿವೆ. ಅವು ಸ್ಥಳೀಯ ಹಕ್ಕಿಗಳ ಗೂಡಿನ ಪೊಟರೆಗಳನ್ನು ಕಬಳಿಸುತ್ತವೆಯೇ ಎಂಬ ಚರ್ಚೆ ಅಲ್ಲಿ ಜೋರಾಗಿದೆ, ಮೇವು ಹಾಕಬೇಡಿರೆಂದು ಆಡಳಿತ ಕೇಳಿಕೊಳ್ಳುತ್ತದೆ.

ಈ ಉದ್ಯಾನದಿಂದ ಕನ್ನಡನಾಡಿಗೆ ಬಂದ ಎಲ್ಲಕ್ಕಿಂತ ದೊಡ್ಡ ಕೊಡುಗೆ ಒಬ್ಬ ಮನುಷ್ಯ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಗುಸ್ಟಾವ್ ಹರ್ಮನ್ ಕ್ರುಂಬಿಗಲ್, 1888ರಲ್ಲಿ ಇಂಗ್ಲೆಂಡಿಗೆ ಬಂದು ಹೈಡ್ ಪಾರ್ಕಿನ ಹೂಮಡಿಗಳನ್ನು ರೂಪಿಸುವ ಕೆಲಸ ಮಾಡಿದರು. ಅನಂತರ ಕ್ಯೂ ಎಂಬಲ್ಲಿನ ರಾಯಲ್ ಸಸ್ಯೋದ್ಯಾನದಲ್ಲಿದ್ದು, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಅವರನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಲಾಲ್‌ಬಾಗನ್ನು ಬೆಳೆಸಿದ್ದಷ್ಟೇ ಅಲ್ಲದೆ, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ವರ್ಷವಿಡೀ ಬೀದಿಗಳಲ್ಲಿ ಬಣ್ಣ ಉಳಿಯಬೇಕೆಂಬ ಲೆಕ್ಕದಲ್ಲಿ ಅವರು ಸಾಲುಮರಗಳನ್ನು ಆಯ್ದು ನೆಡಿಸಿದರು. ಹೀಗೆ ಲಂಡನ್ನಿನ ಚಳಿಮಣ್ಣಿನಲ್ಲಿ, ತಮ್ಮದಲ್ಲದ ಊರಿನಲ್ಲಿ, ತಮ್ಮದಲ್ಲದ ಭಾಷೆಯ ನಡುವೆ ಮಡಿ ತಿದ್ದಿದ ಕೈಗಳೇ ಬೆಂಗಳೂರಿನ ರಸ್ತೆಗಳ ಮೇಲೆ ನೆರಳನ್ನೂ ಹೂವನ್ನೂ ಹಾಸಿದವು. ಮಹಾಯುದ್ಧದ ಕಾಲದಲ್ಲಿ ಶತ್ರುದೇಶದವರೆಂಬ ಶಂಕೆ ಅವರನ್ನು ಬಿಡಲಿಲ್ಲವಾದರೂ ಅವರು ಹಿಂದಿರುಗಿ ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಲಾಲ್‌ಬಾಗಿಗೆ ಹತ್ತಿರದ ಒಂದು ರಸ್ತೆಗೆ ಅವರ ಹೆಸರಿದೆ. ಹೈಡ್ ಪಾರ್ಕಿನ ಹೂಮಡಿಗಳಲ್ಲಿ ಋತುವಿಗೊಮ್ಮೆ ಗಿಡಗಳನ್ನು ಕಿತ್ತು ಹೊಸದಾಗಿ ನೆಡುತ್ತಾರೆ. 1888ರ ಒಂದು ಬೇರೂ ಅಲ್ಲಿ ಉಳಿದಿರಲಾರದು.